ಒಂದೇ ಔಷಧ, ಎರಡು ವಯಸ್ಸು: ಮಿದುಳಿನ ಡೋಪಮೈನ್ ಲೆಕ್ಕ

ನಮ್ಮ ಆಯಿ, ಅಂದರೆ ಅಜ್ಜಿ, ರೊಟ್ಟಿ ಬಡಿಯುವುದನ್ನು ಬಿಟ್ಟಾಗ ಮನೆಯಲ್ಲಿ ಯಾರಿಗೂ ಅದು ಕಾಯಿಲೆ ಅನ್ನಿಸಲಿಲ್ಲ. ಆಕೆಗೆ ಆಗ 76 ವಯಸ್ಸು. ಜೋಳದ ಹಿಟ್ಟಿನ ಉಂಡೆಯನ್ನು ಎರಡೂ ಕೈಯಿಂದ ತಿರುಗಿಸಿ ತಿರುಗಿಸಿ ಬಡಿಯುತ್ತಿದ್ದ ಕೈ, ಒಂದು ದಿನ ನಡುವೆಯೇ ನಿಂತುಬಿಟ್ಟಿತು. "ಕೈ ನನ್ನ ಮಾತ ಕೇಳವಲ್ಲವು" ಅಂದಳು. "ವಯಸ್ಸಾತಲ್ಲ ಆಯಿ, ನೀ ಕೂಡು, ಸಾಕು" ಅಂದೆವು.

ಆಮೇಲೆ ನಡಿಗೆ ಸಣ್ಣದಾಯಿತು. ಹೆಜ್ಜೆ ಎತ್ತುವ ಬದಲು ಎಳೆಯತೊಡಗಿದಳು. ಮುಖದಲ್ಲಿ ನಗು ಬರುವುದು ನಿಂತಿತು. ಮಾತು ಮೆಲ್ಲಗಾಯಿತು, ಬಾಯಿಯ ಅಂಚಿನಲ್ಲಿ ಜೊಲ್ಲು. ಪಾರ್ಕಿನ್ಸನ್ ಅಂತ ನಾವೇ ತೀರ್ಮಾನ ಮಾಡಿಕೊಂಡು ಕಲಬುರಗಿಯ ಒಬ್ಬ ನರರೋಗದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ಆಯಿಯನ್ನು ನೋಡುವ ಮೊದಲು ಆಕೆಯ ಗುಳಿಗೆ ಚೀಲ ಕೇಳಿದರು. ಬಿ.ಪಿ., ಸಕ್ಕರೆ, ಮಂಡಿನೋವಿನ ಗುಳಿಗೆಗಳ ನಡುವೆ ಗ್ಯಾಸಿನ ಗುಳಿಗೆಯೂ ಒಂದಿತ್ತು. ಯಾವುದೋ ಹಳೆ ಚೀಟಿ ತೋರಿಸಿ ಎಂಟು ತಿಂಗಳಿಂದ ಮೆಡಿಕಲ್ ಅಂಗಡಿಯಲ್ಲಿ ತರುತ್ತಿದ್ದೆವು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ಹೆಸರಿದ್ದವು: ಪ್ಯಾಂಟೊಪ್ರಜೋಲ್, ಲೆವೊಸಲ್ಪಿರೈಡ್. ಡಾಕ್ಟರ್ ಎರಡನೆಯ ಹೆಸರಿನ ಮೇಲೆ ಬೆರಳಿಟ್ಟರು.

ಲೆವೊಸಲ್ಪಿರೈಡ್ ಆಂಟಿಸೈಕೋಟಿಕ್ ಜಾತಿಯ ಔಷಧ. ಭ್ರಮೆ, ಕಿವಿಯಲ್ಲಿ ದನಿ ಕೇಳುವುದು, ಸುಮ್ಮಸುಮ್ಮನೆ ಅನುಮಾನ, ಇಂಥ ಕಾಯಿಲೆಗಳಿಗೆ ಕೊಡುವ ಔಷಧಗಳ ಕುಟುಂಬದ್ದು. ಕಡಿಮೆ ಪ್ರಮಾಣದಲ್ಲಿ ಹೊಟ್ಟೆ ಉಬ್ಬರಕ್ಕೂ ಕೊಡುತ್ತಾರೆ. ಹರೆಯದವರಲ್ಲಿ ಬಹುತೇಕ ಸಲೀಸಾಗಿ ದಾಟಿಹೋಗುವ ಪ್ರಮಾಣವೇ ಆಯಿಯ ಕೈ ಕಾಲು ಕಟ್ಟಿಹಾಕಿತ್ತು.

ಇದಕ್ಕೆ ಒಂದು ವರ್ಷ ಮೊದಲು ನಮ್ಮ ಮನೆಯಲ್ಲಿ ಇನ್ನೊಂದು ಘಟನೆ ನಡೆದಿತ್ತು. ಕಾಕಾನ ಮಗನಿಗೆ 19. ಯಾರೋ ತನ್ನನ್ನು ಕರೆಯುತ್ತಿದ್ದಾರೆ ಅಂತ ರಾತ್ರಿಯೆಲ್ಲ ಎದ್ದು ಕೂಡುತ್ತಿದ್ದ. ದವಾಖಾನೆಯಲ್ಲಿ ಹ್ಯಾಲೊಪೆರಿಡಾಲ್ ಸೂಜಿ ಕೊಟ್ಟರು. ಮರುದಿನ ಮಧ್ಯಾಹ್ನ ಅವನ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಂತವು, ನಾಲಿಗೆ ಹೊರಳಲಿಲ್ಲ. ಓಣಿಯವರೆಲ್ಲ ಸೇರಿದರು. "ಇದು ಗಾಳಿ ಸೋಕಿದ್ದು, ಗಾಣಗಾಪುರಕ್ಕ ಕರ್ಕೊಂಡು ಹೋಗ್ರಿ" ಅಂದರು. ದತ್ತನ ದರ್ಶನಕ್ಕೆ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಹೊತ್ತಿನಲ್ಲಿ ಹುಡುಗನಿಗೆ ಬೇಕಾಗಿದ್ದದ್ದು ಪ್ರೊಮೆಥಜಿನ್ ಅನ್ನುವ ಇನ್ನೊಂದು ಸೂಜಿ. ಅದು ಬಿದ್ದ ಅರ್ಧ ಗಂಟೆಯಲ್ಲಿ ಕುತ್ತಿಗೆ ಸಡಿಲವಾಯಿತು. ನೀರು ಕೇಳಿದ.

ಎರಡೂ ಔಷಧಗಳು ಮಿದುಳಿನಲ್ಲಿ ಮಾಡುವ ಮುಖ್ಯ ಕೆಲಸ ಒಂದೇ: ಡೋಪಮೈನ್ ದಾರಿ ತಡೆಯುವುದು. ಒಬ್ಬನ ಕುತ್ತಿಗೆ ಒಂದೇ ದಿನದಲ್ಲಿ ತಿರುಚಿಕೊಂಡಿತು. ಇನ್ನೊಬ್ಬಳ ಕೈ ತಿಂಗಳುಗಟ್ಟಲೆ ಮೆಲ್ಲಗೆ ನಿಧಾನವಾಯಿತು. ಯಾಕೆ ಹೀಗೆ ಅನ್ನುವುದನ್ನು ತಿಳಿದುಕೊಳ್ಳಲು ನಾನು ಬಹಳ ದಿನ ಓದಿದೆ, ಗೊತ್ತಿದ್ದವರನ್ನು ಕೇಳಿದೆ. ಆಯಿಯ ವಿಷಯದಲ್ಲಿ ಮೊದಲೇ ಗೊತ್ತಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಡೋಪಮೈನ್ ಅಂದರೆ ಖುಷಿ ಕೊಡುವ ರಸ ಅಂತ ಮೊಬೈಲಿನಲ್ಲಿ ದಿನಾ ಕೇಳುತ್ತೇವೆ. ಅದು ಅರ್ಧ ಮಾತು. ಅದು ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ. ಮಿದುಳಿನ ಬೇರೆ ಬೇರೆ ಭಾಗದಲ್ಲಿ ಅದಕ್ಕೆ ಬೇರೆ ಬೇರೆ ಕೆಲಸ. ಒಂದು ದಾರಿಯಲ್ಲಿ ಅದು ಯಾವುದು ಮುಖ್ಯ, ಯಾವುದರ ಕಡೆ ಗಮನ ಕೊಡಬೇಕು ಅನ್ನುವುದನ್ನು ತೋರಿಸುತ್ತದೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಈ ದಾರಿಯಲ್ಲಿ ಸದ್ದು ಜಾಸ್ತಿಯಾಗುತ್ತದೆ. ಬೀದಿಯಲ್ಲಿ ಯಾರೋ ಕೆಮ್ಮಿದರೂ ಅದು ತನಗೇ ಹೇಳಿದ ಸಂಕೇತ ಅನ್ನಿಸುತ್ತದೆ. ಇನ್ನೊಂದು ದಾರಿ ಮಿದುಳಿನ ಬುಡದ ಕಪ್ಪು ಬಣ್ಣದ ಸಣ್ಣ ಭಾಗದಿಂದ ಸ್ಟ್ರಯಾಟಮ್ ಅನ್ನುವ ಜಾಗಕ್ಕೆ ಹೋಗುತ್ತದೆ. ಕೈ ಕಾಲು ಸಲೀಸಾಗಿ ಆಡುವುದು, ರೊಟ್ಟಿ ಬಡಿಯುವ ಲಯ, ಯೋಚಿಸದೆ ಇಡುವ ಹೆಜ್ಜೆ, ಎಲ್ಲಕ್ಕೂ ಈ ದಾರಿ ಬೇಕು. ಮೂರನೆಯದು ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನನ್ನು ಹಿಡಿತದಲ್ಲಿಡುತ್ತದೆ. ಔಷಧ ಕೆಲಸ ಮಾಡಬೇಕಾದದ್ದು ಮೊದಲ ದಾರಿಯಲ್ಲಿ. ಆದರೆ ನುಂಗಿದ ಗುಳಿಗೆಗೆ ಇಂಥದ್ದೇ ದಾರಿಗೆ ಹೋಗು ಅಂತ ಹೇಳಿ ಕಳಿಸಲು ಆಗುವುದಿಲ್ಲ. ಎಲ್ಲ ದಾರಿಯಲ್ಲೂ ಅದು ಕೂತುಬಿಡುತ್ತದೆ.

ಈ ಕಥೆಯ ಒಂದು ಬೇರು ನಮ್ಮ ನೆಲದಲ್ಲೇ ಇದೆ. ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಹುಚ್ಚಿಗೆ, ನಿದ್ದೆ ಬಾರದವರಿಗೆ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರಿಸರ್ಪಿನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟರು. ಮೊಲಗಳು ಕಿವಿ ಜೋತುಬಿಟ್ಟು ಅಲುಗಾಡದೆ ಕೂತವು. ಡೋಪಮೈನ್ ತಯಾರಾಗಲು ಬೇಕಾದ ಎಲ್-ಡೋಪಾ ಕೊಟ್ಟ ಸ್ವಲ್ಪ ಹೊತ್ತಿನಲ್ಲಿ ಅವು ಎದ್ದು ಓಡಾಡಿದವು. 1957ರ ಈ ಪ್ರಯೋಗದಿಂದ ಡೋಪಮೈನ್ ಮತ್ತು ಚಲನೆಯ ನಂಟು ಬಯಲಿಗೆ ಬಂತು. 2000ದಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಆ ಮೊಲಗಳ ಬಗ್ಗೆ ಓದಿದಾಗ ನನಗೆ ಕಟ್ಟೆಯ ಮೇಲೆ ಕದಲದೆ ಕೂತ ಆಯಿ ನೆನಪಾದಳು.

ಈಗ ಔಷಧ ಹೇಗೆ ತಡೆಯುತ್ತದೆ ನೋಡೋಣ. ಡೋಪಮೈನ್ ಬಂದು ಕೂಡಲು ನರಕೋಶಗಳ ಮೇಲೆ ಜಾಗಗಳಿವೆ. ಅವನ್ನು ರಿಸೆಪ್ಟರ್, ಅಂದರೆ ಗ್ರಾಹಕ ಅನ್ನುತ್ತಾರೆ. ಇಲ್ಲಿ ಮುಖ್ಯವಾದದ್ದು ಡಿ-2 ಅನ್ನುವ ಗ್ರಾಹಕ.

ಜಾತ್ರೆ ದಿನ ಕಲಬುರಗಿ ಬಸ್ ನಿಲ್ದಾಣದಲ್ಲಿ ಜೇವರ್ಗಿ ಬಸ್ಸು ಬಂದು ನಿಲ್ಲುವುದನ್ನು ನೆನಪಿಸಿಕೊಳ್ಳಿ. ಬಾಗಿಲು ತೆಗೆಯುವ ಮೊದಲೇ ಕಿಟಕಿಯಿಂದ ಟವೆಲ್ ಒಳಗೆ ಬೀಳುತ್ತದೆ. ಟವೆಲ್ ಬಿದ್ದ ಸೀಟಿನಲ್ಲಿ ಬೇರೆಯವರು ಕೂಡುವಂತಿಲ್ಲ. ಆಂಟಿಸೈಕೋಟಿಕ್ ಔಷಧ ಅಂಥ ಟವೆಲ್. ಸೀಟು ಡಿ-2 ಗ್ರಾಹಕ. ಕೂಡಲು ಬಂದ ಪ್ರಯಾಣಿಕ ಡೋಪಮೈನ್. ಟವೆಲ್ ತಾನಾಗಿ ಯಾವ ಸುದ್ದಿಯನ್ನೂ ಒಯ್ಯುವುದಿಲ್ಲ, ಬಂದವನಿಗೆ ಜಾಗ ಕೊಡುವುದಿಲ್ಲ ಅಷ್ಟೇ. (ಅರಿಪಿಪ್ರಜೋಲ್ ಅನ್ನುವ ಔಷಧ ಸ್ವಲ್ಪ ಬೇರೆ. ಅದು ಸೀಟು ಹಿಡಿದು, ಡೋಪಮೈನ್ ಮಾಡುವ ಕೆಲಸವನ್ನೂ ಸ್ವಲ್ಪ ಮಟ್ಟಿಗೆ ತಾನೇ ಮಾಡುತ್ತದೆ.)

ಎಷ್ಟು ಸೀಟಿಗೆ ಟವೆಲ್ ಬಿದ್ದಿದೆ ಅಂತ ಬದುಕಿರುವ ಮನುಷ್ಯನ ಮಿದುಳಿನಲ್ಲೇ ಎಣಿಸಬಹುದು. ಪೆಟ್ ಸ್ಕ್ಯಾನ್ ಬಂದ ಮೇಲೆ, 1980ರ ದಶಕದಿಂದ, ವಿಜ್ಞಾನಿಗಳು ಇದನ್ನು ಅಳೆಯುತ್ತಿದ್ದಾರೆ. ಹರೆಯದ ರೋಗಿಗಳಲ್ಲಿ ಒಂದು ಲೆಕ್ಕ ಸಿಕ್ಕಿತು. 100 ಸೀಟಿನಲ್ಲಿ ಸುಮಾರು 65ಕ್ಕೆ ಟವೆಲ್ ಬಿದ್ದರೆ ದನಿಗಳು, ಭ್ರಮೆಗಳು ಕಡಿಮೆಯಾಗುವ ಸಾಧ್ಯತೆ ಹೆಚ್ಚು. 80ರ ಹತ್ತಿರ ಹೋದರೆ ಕೈ ನಡುಗುವುದು, ಮೈ ಬಿಗಿಯುವುದು ಶುರು. ನಡುವಿನ ಆ ಸಣ್ಣ ಜಾಗದಲ್ಲೇ ಡಾಕ್ಟರ್ ಗಾಡಿ ಓಡಿಸಬೇಕು. ಕ್ಲೋಜಪಿನ್‌ನಂಥ ಒಂದೆರಡು ಔಷಧ ಇದಕ್ಕಿಂತ ಕಡಿಮೆ ಸೀಟು ಹಿಡಿದೇ ಕೆಲಸ ಮಾಡುತ್ತವೆ, ಅದು ಬೇರೆ ಕಥೆ.

ವಯಸ್ಸಿನ ಮಾತು ಬರುವುದು ಇಲ್ಲಿ. ಇಪ್ಪತ್ತರ ಹರೆಯ ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಡಿ-2 ಗ್ರಾಹಕಗಳು ನೂರಕ್ಕೆ 5ರಿಂದ 10ರಷ್ಟು ಕಡಿಮೆಯಾಗುತ್ತಾ ಹೋಗುತ್ತವೆ ಅಂತ ಸ್ಕ್ಯಾನ್‌ಗಳು ತೋರಿಸಿವೆ. ರೋಗ ಇಲ್ಲದವರಲ್ಲೂ ಹೀಗೇ. 25ರಲ್ಲಿ 50 ಸೀಟಿದ್ದ ಬಸ್ಸು 75ರ ಹೊತ್ತಿಗೆ ಸುಮಾರು 33 ಸೀಟಿನದ್ದಾಗಿರುತ್ತದೆ. ಡೋಪಮೈನ್ ತಯಾರಿಸುವ ಕೋಶಗಳೂ ಅಷ್ಟಷ್ಟೇ ಉದುರುತ್ತಾ ಬರುತ್ತವೆ. ಅಂದರೆ ಸೀಟೂ ಕಡಿಮೆ, ಪ್ರಯಾಣಿಕರೂ ಕಡಿಮೆ.

ಆದರೂ ದಿನದ ಕೆಲಸ ನಡೆಯುತ್ತಿರುತ್ತದೆ. ಮಿದುಳಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ದಾಸ್ತಾನು ಇರುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲೂ ಅರ್ಧಕ್ಕಿಂತ ಹೆಚ್ಚು ಕೋಶ ಹೋದ ಮೇಲೆಯೇ ನಡುಕ ಹೊರಗೆ ಕಾಣುವುದು. ಬೇಸಿಗೆಯ ಬಾವಿ ಹಾಗೆ. ನೀರು ಎಷ್ಟು ಇಳಿದಿದೆ ಅಂತ ಮೇಲಿಂದ ಗೊತ್ತಾಗುವುದಿಲ್ಲ, ಕೊಡ ತುಂಬುತ್ತಲೇ ಇರುತ್ತದೆ. ಒಂದು ದಿನ ಪಂಪು ಹಚ್ಚಿದರೆ ತಳ ಕಾಣುತ್ತದೆ. ಆಯಿಯ ವಿಷಯದಲ್ಲಿ ಆ ಗ್ಯಾಸಿನ ಗುಳಿಗೆಯೇ ಪಂಪು.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದೇ ಪ್ರಮಾಣದ ಔಷಧ ರಕ್ತದಲ್ಲಿದ್ದರೆ, ಹರೆಯದವನಲ್ಲೂ ಮುದುಕನಲ್ಲೂ ಟವೆಲ್ ಬೀಳುವ ಪಾಲು ಹೆಚ್ಚುಕಡಿಮೆ ಒಂದೇ. ನೂರಕ್ಕೆ 70 ಅಂತಿಟ್ಟುಕೊಳ್ಳಿ. 50 ಸೀಟಿನ ಬಸ್ಸಿನಲ್ಲಿ 15 ಸೀಟು ಖಾಲಿ ಉಳಿಯುತ್ತವೆ. 33ರ ಬಸ್ಸಿನಲ್ಲಿ ಉಳಿಯುವುದು 10. ಕೂಡಲು ಬರುವ ಪ್ರಯಾಣಿಕರೂ ಕಡಿಮೆ ಅನ್ನುವುದನ್ನು ಇದಕ್ಕೆ ಸೇರಿಸಿ. ಪಾಲು ಒಂದೇ ಆದರೂ ಕೊನೆಗೆ ಕೈಗೆ ತಲುಪುವ ಸುದ್ದಿ ಒಂದೇ ಅಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಇನ್ನು ರಕ್ತದಲ್ಲಿ ಇರುವ ಔಷಧವೂ ಒಂದೇ ಇರುವುದಿಲ್ಲ. ವಯಸ್ಸಾದಂತೆ ಲಿವರ್ ಮತ್ತು ಮೂತ್ರಪಿಂಡ ಔಷಧವನ್ನು ಹೊರಹಾಕುವುದು ನಿಧಾನ. ರಿಸ್ಪೆರಿಡೋನ್ ಅನ್ನುವ ಇದೇ ಜಾತಿಯ ಔಷಧ ದೇಹದಲ್ಲಿ ಬದಲಾಗಿ ಹುಟ್ಟುವ ವಸ್ತುವೂ ಔಷಧದಂತೆಯೇ ಕೆಲಸ ಮಾಡುತ್ತದೆ. ಅದು ಹೆಚ್ಚಾಗಿ ಹೊರಹೋಗುವುದು ಮೂತ್ರಪಿಂಡದ ಮೂಲಕ. ಹಾಗಾಗಿ ಅದೇ 2 ಮಿಲಿಗ್ರಾಂ ಗುಳಿಗೆ ಮೊಮ್ಮಗನಿಗಿಂತ ಅಜ್ಜನ ಮೈಯಲ್ಲಿ ಹೆಚ್ಚು ಹೊತ್ತು ಕೂತಿರುತ್ತದೆ. ವಯಸ್ಸಾದವರಿಗೆ ಬಲ್ಲ ಡಾಕ್ಟರುಗಳು ಸಾಮಾನ್ಯ ಪ್ರಮಾಣದ ಕಾಲು ಭಾಗದಿಂದ, ಹೆಚ್ಚೆಂದರೆ ಅರ್ಧದಿಂದ ಶುರು ಮಾಡುವುದು ಇದಕ್ಕೇ.

ಹಾಗಾದರೆ ಹರೆಯದವರಿಗೆ ಭಯ ಇಲ್ಲವಾ? ಇದೆ, ಅದರ ರೂಪ ಬೇರೆ. ಕಾಕಾನ ಮಗನಿಗೆ ಆದದ್ದನ್ನು ಡಿಸ್ಟೋನಿಯಾ ಅನ್ನುತ್ತಾರೆ. ಅದು ಹರೆಯದ ಗಂಡುಮಕ್ಕಳಲ್ಲೇ ಜಾಸ್ತಿ, ಹ್ಯಾಲೊಪೆರಿಡಾಲ್‌ನಂಥ ಬಿರುಸಾದ ಔಷಧ ಶುರುವಾದ ಮೊದಲ ಕೆಲವು ದಿನಗಳಲ್ಲೇ ಬರುತ್ತದೆ. ಮುದುಕರಲ್ಲಿ ಅಪರೂಪ. ಎಳೆಯ ಮಿದುಳಿನಲ್ಲಿ ಡಿ-2 ಸೀಟು ಹೆಚ್ಚು, ಡೋಪಮೈನ್ ಹರಿವೂ ಜೋರು. ಅದನ್ನು ಒಮ್ಮೆಲೇ ತಡೆದರೆ ಡೋಪಮೈನ್ ಮತ್ತು ಅಸಿಟೈಲ್‌ಕೋಲಿನ್ ಅನ್ನುವ ಇನ್ನೊಂದು ರಾಸಾಯನಿಕದ ನಡುವಿನ ತಕ್ಕಡಿ ಒಂದು ಕಡೆ ವಾಲುತ್ತದೆ, ಸ್ನಾಯು ಸೆಟೆದುಕೊಳ್ಳುತ್ತದೆ. ಪ್ರೊಮೆಥಜಿನ್ ಆ ಅಸಿಟೈಲ್‌ಕೋಲಿನನ್ನು ತಗ್ಗಿಸುತ್ತದೆ. ಅದಕ್ಕೇ ಅಷ್ಟು ಬೇಗ ಕುತ್ತಿಗೆ ಸಡಿಲವಾದದ್ದು. ಹರೆಯದವರಲ್ಲಿ ತೂಕ ಏರುವುದು, ಹೆಣ್ಣುಮಕ್ಕಳಲ್ಲಿ ಪ್ರೊಲ್ಯಾಕ್ಟಿನ್ ಏರಿ ಮುಟ್ಟು ತಪ್ಪುವುದು ಸಹ ಹೆಚ್ಚು. ನಾಚಿಕೆಯಿಂದ ಹೇಳದೆ ಇರುತ್ತಾರೆ. ಡಾಕ್ಟರಿಗೆ ಹೇಳಲೇಬೇಕು.

ಎಳೆಯ ಮಿದುಳಿಗೆ ಒಂದು ಅನುಕೂಲ ಇದೆ, ಅದು ಹೊಂದಿಕೊಳ್ಳುತ್ತದೆ. ಸೀಟು ತಡೆದರೆ ಕೆಲವು ವಾರಗಳಲ್ಲಿ ಹೊಸ ಸೀಟು ಹಾಕಿಕೊಳ್ಳುತ್ತದೆ. ಮುದಿ ಇಲಿಗಳ ಮೇಲಿನ ಪ್ರಯೋಗದಲ್ಲಿ ಈ ಶಕ್ತಿ ಕುಗ್ಗಿದ್ದು ಕಂಡಿದೆ. ಹ್ಯಾಲೊಪೆರಿಡಾಲ್ ಕೊಟ್ಟರೂ ಅವುಗಳಲ್ಲಿ ಹೊಸ ಗ್ರಾಹಕಗಳು ಎಳೆಯ ಇಲಿಗಳಷ್ಟು ಹುಟ್ಟಲಿಲ್ಲ.

ಇನ್ನೊಂದು ತೊಂದರೆ ಇದೆ, ಅದು ತಿಂಗಳು ವರ್ಷ ಕಳೆದ ಮೇಲೆ ಬರುತ್ತದೆ. ತುಟಿ, ನಾಲಿಗೆ, ದವಡೆ ತಾವಾಗಿಯೇ ಆಡುತ್ತಿರುತ್ತವೆ. ಟಾರ್ಡಿವ್ ಡಿಸ್ಕೈನೀಸಿಯಾ ಅಂತ ಹೆಸರು. ನಮ್ಮ ಕಡೆ ನೋಡಿದವರು "ಮುದುಕಿ ಎಲಿ ಅಡಿಕಿ ಮೆಲ್ಲಾಕತ್ಯಾಳ" ಅಂದುಕೊಳ್ಳುತ್ತಾರೆ. ಬಾಯಲ್ಲಿ ಏನೂ ಇರುವುದಿಲ್ಲ. ಹಳೆ ತಲೆಮಾರಿನ ಔಷಧ ತೆಗೆದುಕೊಳ್ಳುವ ಹರೆಯದವರಲ್ಲಿ ಇದು ವರ್ಷಕ್ಕೆ ನೂರಕ್ಕೆ 5 ಜನರಷ್ಟು ಬರುತ್ತದೆ. 45 ದಾಟಿದವರನ್ನು ಅಮೆರಿಕದಲ್ಲಿ ಗಮನಿಸಿದಾಗ ಮೊದಲ ವರ್ಷದಲ್ಲೇ ನೂರಕ್ಕೆ 26ರಷ್ಟು ಜನರಲ್ಲಿ ಕಂಡಿತು. ಹಾಗೆ ಹುಟ್ಟಿಕೊಂಡ ಹೊಸ ಸೀಟುಗಳೇ ಇದಕ್ಕೆ ಕಾರಣ ಅನ್ನುವ ವಾದವಿದೆ. ಅದೊಂದೇ ಕಾರಣವಾಗಿದ್ದರೆ ವಯಸ್ಸಾದವರಲ್ಲಿ ಕಡಿಮೆ ಇರಬೇಕಿತ್ತು, ಅಲ್ವಾ? ಹಾಗಾಗಿ ಕೋಶಗಳು ಸವೆದಿರುವುದೂ ಇದರಲ್ಲಿ ಸೇರಿದೆ ಅಂತ ತಜ್ಞರು ಯೋಚಿಸುತ್ತಾರೆ. ಹೊಸ ತಲೆಮಾರಿನ ಔಷಧಗಳಲ್ಲಿ ಈ ತೊಂದರೆ ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ.

ನನಗೆ ಹೆಚ್ಚು ಕಳವಳ ಇರುವುದು ಇನ್ನೊಂದು ಗುಂಪಿನ ಬಗ್ಗೆ. ನಮ್ಮ ಓಣಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಕಾಕಾ ಅಂತಲೇ ಕರೆಯುತ್ತೇವೆ. ಮೂವತ್ತರ ವಯಸ್ಸಿನಲ್ಲಿ ಅವರಿಗೆ ಕಾಯಿಲೆ ಬಂತು. ಔಷಧ ಹಿಡಿಯಿತು. ಮದುವೆಯಾದರು, ತೊಗರಿ ಹೊಲ ನೋಡಿಕೊಂಡರು, ಮಕ್ಕಳನ್ನು ಓದಿಸಿದರು. ಔಷಧ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ ಅಂತ ಕಾಕಿ ಇಂದಿಗೂ ಹೇಳುತ್ತಾರೆ. ಈಗ ಅವರಿಗೆ 64. ಚೀಟಿ ಮಾತ್ರ ಅದೇ ಹಳೆಯದು, ಪ್ರಮಾಣವೂ ಅದೇ. ಬಸ್ಸು ಸಣ್ಣದಾಗಿದೆ, ಟವೆಲ್ ಅಷ್ಟೇ ಬೀಳುತ್ತಿವೆ.

ಇಂಥವರ ಬಗ್ಗೆ ಕೆನಡಾದ ಟೊರೊಂಟೊದಲ್ಲಿ ಒಂದು ಒಳ್ಳೆಯ ಅಧ್ಯಯನ ನಡೆದಿದೆ. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. 50 ದಾಟಿದ, ಕಾಯಿಲೆ ಹಿಡಿತದಲ್ಲಿದ್ದ 35 ಸ್ಕಿಜೋಫ್ರೇನಿಯಾ ರೋಗಿಗಳ ರಿಸ್ಪೆರಿಡೋನ್ ಅಥವಾ ಒಲಾಂಜಪಿನ್ ಪ್ರಮಾಣವನ್ನು ನಿಧಾನವಾಗಿ, ನೂರಕ್ಕೆ 40ರವರೆಗೆ ಇಳಿಸಿದರು. ಮೊದಲೂ ಆಮೇಲೂ ಮಿದುಳಿನ ಸ್ಕ್ಯಾನ್ ಮಾಡಿದರು. ಮೈ ಬಿಗಿತ, ನಡುಕ ಕಾಣಿಸಿಕೊಳ್ಳುವ ಗೆರೆ ಇವರಲ್ಲಿ 80ರ ಹತ್ತಿರ ಇರಲಿಲ್ಲ, 60ಕ್ಕೇ ಇಳಿದಿತ್ತು. ಕಾಯಿಲೆ ಹಿಡಿತದಲ್ಲಿಡಲು 50ರಿಂದ 60 ಸೀಟು ಸಾಕಾಗಬಹುದು ಅಂತ ಕಂಡಿತು. ಹರೆಯದಲ್ಲಿ 65ಕ್ಕೆ ಶುರುವಾಗುವ ಲೆಕ್ಕ ಇಲ್ಲಿ 60ಕ್ಕೇ ಮುಗಿಯುತ್ತದೆ. ಪ್ರಮಾಣ ಇಳಿಸಿದಾಗ ಹೆಚ್ಚಿನವರು ಸ್ಥಿರವಾಗಿದ್ದರು. ಕೆಲವರಿಗೆ ಕಾಯಿಲೆ ಮರಳಿತು ಅನ್ನುವುದನ್ನೂ ಮರೆಯಬಾರದು.

ಅದಕ್ಕೇ ಇದನ್ನು ಓದಿ ಯಾರೂ ಮನೆಯಲ್ಲೇ ಗುಳಿಗೆ ಅರ್ಧ ಮಾಡಬೇಡಿ. ಒಮ್ಮೆಲೇ ಬಿಟ್ಟರೆ ಕಾಯಿಲೆ ಮೊದಲಿಗಿಂತ ಜೋರಾಗಿ ಬರಬಹುದು. ಇಳಿಸುವವರು ಡಾಕ್ಟರ್, ತಿಂಗಳುಗಳ ಲೆಕ್ಕದಲ್ಲಿ. ಮನೆಯವರ ಕೆಲಸ ಒಂದೇ ಮಾತು ಕೇಳುವುದು: "ಡಾಕ್ಟರ್‍ರೇ, ಇವರಿಗೆ ಈಗ ವಯಸ್ಸಾಗಿದೆ, ಇಷ್ಟೇ ಪ್ರಮಾಣ ಇನ್ನೂ ಬೇಕಾ?" ನಡಿಗೆ, ಬಾಯಿಯ ಚಲನೆ, ಕೈ ನಡುಕ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ. ಗದ್ದಲದ ಓಪಿಡಿಯಲ್ಲಿ ಐದು ನಿಮಿಷ ಸಿಗುವುದೇ ಹೆಚ್ಚು. ಅರ್ಧ ನಿಮಿಷದ ವಿಡಿಯೊ ಬಹಳ ಹೇಳುತ್ತದೆ. ಕಲಬುರಗಿಯಲ್ಲಿ ಜಿಮ್ಸ್ ಅನ್ನುವ ಸರಕಾರಿ ದವಾಖಾನೆ ಇದೆ. ದೂರದ ಹಳ್ಳಿಯವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮರೆವಿನ ಕಾಯಿಲೆ ಇರುವ ಹಿರಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ರಾತ್ರಿ ಕೂಗಾಡುತ್ತಾರೆ, ಹೊಡೆಯಲು ಬರುತ್ತಾರೆ ಅಂತ ಈ ಔಷಧ ಕೊಡುವುದುಂಟು. ಇಂಥವರಲ್ಲಿ ಈ ಔಷಧಗಳಿಂದ ಸಾವಿನ ಅಪಾಯ ಸುಮಾರು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಎಚ್ಚರಿಸಿತು. 2008ರಲ್ಲಿ ಹಳೆ ಔಷಧಗಳಿಗೂ ಅದೇ ಎಚ್ಚರಿಕೆ ಸೇರಿತು. ಬೇರೆ ದಾರಿ ಇಲ್ಲದಾಗ ಸಣ್ಣ ಪ್ರಮಾಣದಲ್ಲಿ, ಕಡಿಮೆ ದಿನಕ್ಕೆ ಕೊಡುತ್ತಾರೆ. ಲೆವಿ ಬಾಡಿ ಅನ್ನುವ ಬಗೆಯ ಮರೆವಿನಲ್ಲಂತೂ ಒಂದೇ ಗುಳಿಗೆಗೆ ಮೈ ಮರದಂತೆ ಸೆಟೆಯಬಹುದು.

ನಡುಕಕ್ಕೆ ಅಂತ ಟ್ರೈಹೆಕ್ಸಿಫೆನಿಡಿಲ್ ಗುಳಿಗೆ ಸೇರಿಸುವುದು ರೂಢಿ. ಹರೆಯದವರಿಗೆ ಅದು ಉಪಕಾರಿ. ವಯಸ್ಸಾದವರಲ್ಲಿ ಅದೇ ಮರೆವು, ಗಲಿಬಿಲಿ, ಮಲಬದ್ಧತೆ, ಮೂತ್ರ ಕಟ್ಟುವುದನ್ನು ತರುತ್ತದೆ. ಒಂದು ಗುಳಿಗೆಯ ತೊಂದರೆಗೆ ಇನ್ನೊಂದು ಗುಳಿಗೆ ಸೇರಿಸುವ ಮೊದಲು ಮೊದಲನೆಯದನ್ನು ಇಳಿಸಬಹುದಾ ಅಂತ ನೋಡುವುದು ಮೇಲು. ನಮ್ಮ ಬೇಸಿಗೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಔಷಧಗಳು ಮೈಯ ಶಾಖ ಸರಿದೂಗಿಸುವ ಶಕ್ತಿಯನ್ನು ಕುಗ್ಗಿಸುತ್ತವೆ, ಎದ್ದು ನಿಂತಾಗ ಬಿ.ಪಿ. ಇಳಿಸುತ್ತವೆ. ಮೇ ತಿಂಗಳ 42 ಡಿಗ್ರಿಯಲ್ಲಿ ಗುಳಿಗೆ ನುಂಗುವ ಹಿರಿಯರಿಗೆ ನೀರು, ಮಜ್ಜಿಗೆ, ನೆರಳು ತಪ್ಪಬಾರದು.

ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ತಲೆನೋವಿಗೆ ಕೊಡುವ ಫ್ಲುನರಿಜಿನ್ ಕೂಡ ಡೋಪಮೈನ್ ಸೀಟು ಹಿಡಿಯುವಂಥವೇ. ಇವು ಮಾನಸಿಕ ಕಾಯಿಲೆಯ ಗುಳಿಗೆಗಳಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಮನೆಯ ಹಿರಿಯರ ಚೀಲದಲ್ಲಿ ಇವು ಇವೆಯಾ, ಎಷ್ಟು ತಿಂಗಳಿಂದ ಇವೆ ಅಂತ ಇವತ್ತೇ ನೋಡಿ.

ಆಯಿಯ ಗ್ಯಾಸಿನ ಗುಳಿಗೆಯನ್ನು ಡಾಕ್ಟರ್ ಅಂದೇ ನಿಲ್ಲಿಸಿದರು. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಎರಡನೆಯ ತಿಂಗಳು ಜೊಲ್ಲು ನಿಂತಿತು. ಮೂರನೆಯ ತಿಂಗಳ ಕೊನೆಗೆ ಒಬ್ಬಳೇ ಬಚ್ಚಲಿಗೆ ನಡೆದು ಹೋದಳು. ಕೆಲವರಲ್ಲಿ ಗುಳಿಗೆ ಬಿಟ್ಟ ಮೇಲೂ ನಡುಕ ಉಳಿಯುತ್ತದೆ, ಒಳಗೆ ಮೊದಲೇ ಶುರುವಾಗಿದ್ದ ಪಾರ್ಕಿನ್ಸನ್ ಆಗ ಬಯಲಾಗುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಆಯಿಯ ಬಲಗೈ ಇನ್ನೂ ಸ್ವಲ್ಪ ನಿಧಾನ. ಆರು ತಿಂಗಳಿಗೊಮ್ಮೆ ತೋರಿಸುತ್ತಿದ್ದೇವೆ. ಮೊನ್ನೆ ಅವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾನೇ ಕೂತಳು. ಎರಡು ರೊಟ್ಟಿ ಬಡಿದಳು. ಎರಡನೆಯದರ ಅಂಚು ಹರಿದಿತ್ತು, ಅದನ್ನು ನನಗೇ ಬಡಿಸಿದಳು.